ಮಲಗಿದ ಕೂಸನ್ನು ಎಬ್ಬಿಸಬೇಕೆ?

(ನಾಗಪುರದ ಲಕ್ಷ್ಮೀನಗರದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಮಾತನಾಡಲು ನಿಂತವರು ನಾಡುನುಡಿಗಳ ಹಿರಿಮೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ವಾಡಿಕೆ. 1956ನೆಯ ಇಸವಿ ನವೆಂಬರ್ 1ರಂದು ಹಲವು ಕಡೆ ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದುವು. ಅದೇ ದಿನ ಈ ನಾಗಪುರವು ತನ್ನ ರಾಜಧಾನಿಯ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ಇದನ್ನೆಲ್ಲ ನಮಗಿಂತ ಸೊಗಸಾಗಿ ಹೇಳಬಲ್ಲ ಹಿರಿಯರು ವೇದಿಕೆಯ ಮೇಲೆಯೇ ಇದ್ದಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೆ ಸಂಘದ ಕಾರ್ಯದರ್ಶಿಗಳು, “ನಿಮ್ಮ ಅನುಭವಕ್ಕೆ ಬಂದದ್ದು ಏನಾದರೂ ಹೇಳಿ, ಹೊಸದಾಗಿ ಸಂಸಾರ ಹೂಡಿದವರಿಗೆ ಉಪಯೋಗವಾಗಲಿ” ಎಂದು ಅಪ್ಪಣೆ ಮಾಡಿದರು. ಆದುದರಿಂದ ಬಹಳ ಸಣ್ಣ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ಹುಟ್ಟಿ ಹತ್ತು ದಿನ ತುಂಬದ ಕೂಸು ರಾತ್ರಿ ನೆಮ್ಮದಿಯಾಗಿ ಮಲಗಿದ್ದರೆ, ಹಾಲು ಕುಡಿಸುವುದಕ್ಕಾಗಿ ಅದನ್ನು ಎಬ್ಬಿಸಬೇಕೆ, ಬೇಡವೆ?

‘ನಾವು’ ಎಂದು ಹೇಳಿಕೊಂಡರೆ ಅದು ದೊಡ್ಡಸ್ತಿಕೆಯ ಬಹುವಚನವೆಂದು ತಾವು ಭಾವಿಸಬಾರದು. ಈಗ ಹೇಳಹೊರಟ ರಾತ್ರಿಗಳಲ್ಲಿ ಎಚ್ಚರವಾಗಿದ್ದವರು ಇಬ್ಬರು, ನಾವೂ ನಮ್ಮ ಮನೆಯವರೂ. ತಪ್ಪು ಮಾಡಿದವರೂ ಇಬ್ಬರೇ. ಆದುದರಿಂದ ಬಹುವಚನವು ವ್ಯಾಕರಣಕ್ಕೆ ಸರಿಯಾಗಿಯೇ ಇದೆ.

ನಮ್ಮ ಮಗಳು ಹುಟ್ಟಿದ್ದು ಏಪ್ರಿಲ್ ತಿಂಗಳಿನಲ್ಲಿ, ಬ್ಯಾಂಕಿನ ವರ್ಷಾಂತ್ಯದ ಲೆಕ್ಕ ಮುಗಿದ ಕೆಲವು ದಿನಗಳಿಗೆ. ನಾಗಪುರದ ಏಪ್ರಿಲ್ ಎಂದರೆ ಏನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ತವರಿನಲ್ಲಿ ಬಾಣಂತನವಾಗಬೇಕೆಂಬುದು ನಮ್ಮೆಲ್ಲರ ಸಂಪ್ರದಾಯವಷ್ಟೆ. ಆದರೆ ನಮ್ಮ ಅತ್ತೆಯವರು ಅದೇ ಸಮಯಕ್ಕೆ ಕಾಲು ಮುರಿದುಕೊಂಡು ಧಾರವಾಡದಲ್ಲಿ ಹಾಸಿಗೆ ಹಿಡಿದಿದ್ದರು. ನಮ್ಮ ತಾಯಿಯವರಿಗೆ ಊರಿನಲ್ಲಿ ಕಾಯಿಲೆಯ ತಂದೆಯವರನ್ನು ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಆಠ್ ರಸ್ತಾ ಚೌಕಕ್ಕೆ ಸಮೀಪದ ಎರಡು ಕೋಣೆಯ ಮನೆಯಲ್ಲಿ ಬಾಣಂತಿ, ಕೂಸು ಮತ್ತು ನಾವು ಮೂವರೇ ಉಳಿದೆವು. ಹಿರಿಯರು ಇದ್ದದ್ದು ಟೆಲಿಫೋನಿನಲ್ಲಿ ಮಾತ್ರ.

ಮಗು ಹುಟ್ಟಿದಾಗ 2,450 ಗ್ರಾಂ ತೂಗಿತು. ಎರಡೂವರೆ ಕಿಲೋಗ್ರಾಂಗೆ ಕಡಿಮೆಯಾದರೆ ಅದನ್ನು ಕಡಿಮೆ ತೂಕದ ಶಿಶುವೆಂದು ವೈದ್ಯರು ಎಣಿಸುತ್ತಾರೆ. ಐವತ್ತು ಗ್ರಾಂ ತಾನೆ ಎಂದು ನಾವು ಅದನ್ನು ಗಣನೆಗೆ ತಂದುಕೊಳ್ಳಲಿಲ್ಲ. ಲೆಕ್ಕದಲ್ಲಿ ಐದು ಪೈಸೆ ತಪ್ಪಿದರೆ ಸಂಜೆ ಮನೆಗೆ ಹೋಗದೆ ಹುಡುಕುವ ನಾವು ಈ ಐವತ್ತು ಗ್ರಾಂಗಳನ್ನು ಬಿಟ್ಟುಬಿಟ್ಟೆವು. ಮೂರನೆಯ ದಿನ ಮನೆಗೆ ಬಂದೆವು.

ಕೂಸು ಬಹಳ ಸಾಧು. ಅಳುವುದೇ ಇಲ್ಲ. ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಗಿನ ನಾಲ್ಕು, ಒಮ್ಮೊಮ್ಮೆ ಐದು. ನೆರೆಮನೆಯ ಮರಾಠಿ ಆಜಿಯವರು ನೋಡಿಹೋಗಲು ಬಂದು, “ಝೋಪಲೇಲ್ಯಾ ಬಾಳಾಲಾ ಉಠವೂ ನಕಾ” ಎಂದರು. ಧಾರವಾಡದಿಂದ ಅತ್ತೆಯವರೂ ಅದನ್ನೇ ಹೇಳಿದರು, “ಮಲಗಿದ ಕೂಸನ್ನ ಎಬ್ಬಿಸಬ್ಯಾಡ್ರಿ, ನಿದ್ದಿಯೊಳಗ ಬೆಳೀತದ.” ಎರಡು ಭಾಷೆಗಳಲ್ಲಿ ಒಂದೇ ಮಾತು ಬಂದ ಮೇಲೆ ಅದನ್ನು ಶಾಸ್ತ್ರವೆಂದೇ ನಂಬಿದೆವು. ಕಚೇರಿಯ ಗೆಳೆಯರು ತಮ್ಮ ಮಕ್ಕಳು ರಾತ್ರಿಯೆಲ್ಲ ಕುಣಿಸುತ್ತವೆಂದು ಗೋಳಾಡುವಾಗ, ನಮ್ಮ ಮಗಳು ಆರು ಗಂಟೆ ಸತತವಾಗಿ ನಿದ್ರಿಸುತ್ತಾಳೆಂದು ಹೆಮ್ಮೆಪಟ್ಟುಕೊಂಡೆವು.

ಐದನೆಯ ದಿನ ತೋರಿಸಲು ಕರೆದುಕೊಂಡು ಹೋದೆವು. ತಕ್ಕಡಿಯಲ್ಲಿಟ್ಟ ನರ್ಸಮ್ಮನವರು ಮತ್ತೊಮ್ಮೆ ತೂಗಿದರು. 2,190 ಗ್ರಾಂ! ಹುಟ್ಟಿದ ತೂಕದಲ್ಲಿ 260 ಗ್ರಾಂ ಇಳಿದಿತ್ತು, ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಕಣ್ಣಿನ ಬಿಳಿ, ಎದೆ, ಹೊಟ್ಟೆ ಎಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ್ದುವು. ಹಿಂದಿನ ದಿನದಿಂದ ಎಷ್ಟು ಸಲ ಮೂತ್ರ ಮಾಡಿದೆ ಎಂದು ವೈದ್ಯರು ಕೇಳಿದರು. ಎರಡು ಸಲ ಎಂದೆವು. ರಾತ್ರಿ ಎಷ್ಟು ಸಲ ಹಾಲು ಕುಡಿಯಿತು? ಒಂದು ಸಲ. ಎಬ್ಬಿಸಲಿಲ್ಲವೇ? ಇಲ್ಲ, ಸುಖವಾಗಿ ಮಲಗಿತ್ತು. “ಸುಖಕ್ಕೆ ಮಲಗಿದ್ದಲ್ಲ, ಶಕ್ತಿ ಸಾಲದೆ ಮಲಗಿದ್ದು” ಎಂದರು ವೈದ್ಯರು. ಆ ಮಾತನ್ನು ಕೇಳಿದಾಗ ನಮ್ಮ ಮನೆಯವರ ಮುಖವನ್ನು ನೋಡುವ ಧೈರ್ಯ ನಮಗಾಗಲಿಲ್ಲ.

ಎರಡು ದಿನ ನೀಲಿ ಬೆಳಕಿನ ದೀಪದ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ, ಮಗುವನ್ನು ಮಲಗಿಸಿದರು. ದೇವರ ದಯದಿಂದ ಗುಣವಾಯಿತು. ಈಗ ಅವಳು ಮನೆಯಲ್ಲಿ ಒಂದು ಕಾಗದವನ್ನು ಹರಿಯದೆ ಬಿಡುವುದಿಲ್ಲ. ಆದರೆ ಎಲ್ಲರ ಮನೆಯಲ್ಲೂ ಕಥೆ ಹೀಗೆಯೇ ಮುಗಿಯುತ್ತದೆಂದು ಹೇಳಲಾಗದು. ಅದಕ್ಕಾಗಿಯೇ ಈ ಮಾತು.

ವೈದ್ಯರಿಂದಲೂ ಆಮೇಲೆ ನಾವು ಓದಿದ್ದರಿಂದಲೂ ತಿಳಿದ ಕಾರಣವನ್ನು ಸುಲಭವಾಗಿ ಹೇಳುತ್ತೇವೆ. ಎಲ್ಲ ಶಿಶುಗಳೂ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ, ಇದು ಸಹಜ. ನೂರಕ್ಕೆ ಏಳರ ತನಕ ಇಳಿಯುವುದುಂಟು, ಹತ್ತು ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಕಳೆದುಕೊಂಡದ್ದನ್ನು ಹತ್ತು ಹದಿನಾಲ್ಕು ದಿನಗಳೊಳಗೆ ಮರಳಿ ಪಡೆಯಬೇಕು. ನವಜಾತ ಶಿಶುವಿನ ಹೊಟ್ಟೆ ಬಹಳ ಚಿಕ್ಕದು, ಒಂದು ಸಲಕ್ಕೆ ಹಿಡಿಯುವ ಹಾಲು ಕೊಂಚವೇ. ಆದುದರಿಂದ ದಿನಕ್ಕೆ, ಎಂದರೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ, ಎಂಟರಿಂದ ಹನ್ನೆರಡು ಸಲ ಅದು ಮೊಲೆ ಉಣ್ಣಬೇಕು. ರಾತ್ರಿಯ ಆರೇಳು ಗಂಟೆಗಳನ್ನು ಬಿಟ್ಟು ಈ ಲೆಕ್ಕ ಕೂಡಿಸಿ ನೋಡಿ, ಎಷ್ಟು ಕೂಡಿಸಿದರೂ ತಾಳೆಯಾಗುವುದಿಲ್ಲ.

ಕಾಮಾಲೆಯ ವಿಷಯ ಇನ್ನೂ ತಿಳಿಯಬೇಕಾದದ್ದು. ಮೈಯನ್ನು ಹಳದಿ ಮಾಡುವ ಬಿಲಿರುಬಿನ್ ಎಂಬ ವಸ್ತು ಬಹುಮಟ್ಟಿಗೆ ಮಲದ ಮೂಲಕ ಹೊರಗೆ ಹೋಗುತ್ತದೆ. ಹಾಲು ಕಡಿಮೆಯಾದರೆ ಮಲ ಕಡಿಮೆಯಾಗುತ್ತದೆ, ಆ ವಸ್ತು ಕರುಳಿನಿಂದ ಮತ್ತೆ ರಕ್ತಕ್ಕೇ ಸೇರುತ್ತದೆ. ಅದು ಹೆಚ್ಚಿದಂತೆ ಮಗುವಿಗೆ ಮಂಪರು ಹೆಚ್ಚುತ್ತದೆ. ಮಂಪರು ಹೆಚ್ಚಿದಂತೆ ಹಾಲು ಇನ್ನೂ ಕಡಿಮೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಸೇರಿದಂತೆ ಇದು ಬೆಳೆಯುತ್ತದೆ. ತಡೆಯುವ ಉಪಾಯವೆಂದರೆ ಮಗು ಕೇಳಲಿ ಬಿಡಲಿ, ಹೊತ್ತು ಹೊತ್ತಿಗೆ ಹಾಲು ಕುಡಿಸುವುದು.

ಅಳದೆ ಹೋದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ನಮ್ಮ ನೌಕರರ ಸಂಘದಲ್ಲಿ ಸಂಬಳದ ಮಾತು ಬಂದಾಗಲೆಲ್ಲ ಬಳಸುತ್ತೇವೆ. ಸಂಬಳಕ್ಕೆ ಅದು ಸರಿ, ಕೂಸಿಗೆ ಸರಿಯಲ್ಲ. ಅಳು ಹಸಿವಿನ ಕೊನೆಯ ಗುರುತು. ಅದಕ್ಕೆ ಮೊದಲೇ ಮಗು ಬಾಯಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗೆ ತರುತ್ತದೆ, ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕುತ್ತದೆ. ಹುಟ್ಟಿದ ಹೊಸತರಲ್ಲಿ, ಅದರಲ್ಲೂ ತೂಕ ಕಡಿಮೆಯಿರುವ ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಇಷ್ಟನ್ನು ಮಾಡುವ ತ್ರಾಣವೂ ಇರದು. ಅಪ್ರಾಪ್ತ ವಯಸ್ಕರ ಖಾತೆಯನ್ನು ಪೋಷಕರು ನಡೆಸುವುದು ಬ್ಯಾಂಕಿನ ಪದ್ಧತಿ. ಮಗು ಸಹಿ ಮಾಡಲಿಲ್ಲವೆಂದು ಹಣ ಕೊಡದೆ ಇರುವುದಿಲ್ಲ. ಹಸಿವಿನ ಖಾತೆಯನ್ನೂ ಮೊದಲ ಕೆಲವು ವಾರ ಪೋಷಕರೇ ನಡೆಸಬೇಕು.

ಗಡಿಯಾರ ನೋಡಿ ಹಾಲು ಕೊಡುವುದು ಪರದೇಶದವರ ರೀತಿಯೆಂದು ಕೆಲವು ಹಿರಿಯರು ಆಕ್ಷೇಪಿಸುವುದನ್ನು ಕೇಳಿದ್ದೇವೆ. ಆ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಸ್ಥಾಪಿಸಿದ ಟ್ರೂಬಿ ಕಿಂಗ್ ಎಂಬ ವೈದ್ಯರು ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲೇ ಇಲ್ಲ ಎಂಬ ಕಟ್ಟುನಿಟ್ಟನ್ನು ಬೋಧಿಸಿದರು. ಮಗು ಅತ್ತರೂ ಗಂಟೆ ಹೊಡೆಯುವ ತನಕ ತಾಯಂದಿರು ಕಾಯುತ್ತಿದ್ದರು. 1946ರಲ್ಲಿ ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕ ಹೊರಬಂದ ಮೇಲೆ ಆ ಬಿಗಿ ಸಡಿಲವಾಯಿತು. ಮಗು ಕೇಳಿದಾಗ ಕೊಡಬೇಕೆಂಬುದು ಇಂದು ಎಲ್ಲೆಡೆಯೂ ಒಪ್ಪಿದ ಮಾತು. ನಾವು ಹೇಳುತ್ತಿರುವ ಗಡಿಯಾರ ಟ್ರೂಬಿ ಕಿಂಗರ ಗಡಿಯಾರವಲ್ಲ. ಅವರದು ಕೇಳಿದ ಮಗುವಿಗೆ ಕೊಡದಿರುವ ಗಡಿಯಾರ, ಇದು ಕೇಳಲಾರದ ಮಗುವನ್ನು ಮರೆಯದಿರುವ ಗಡಿಯಾರ.

ಇನ್ನು ದೂರದ ಮಾತು ಬೇಡ. ಇದೇ ವಿದರ್ಭದಲ್ಲಿ, ನಾಗಪುರಕ್ಕೆ ಸುಮಾರು 170 ಕಿಲೋಮೀಟರ್ ದೂರದ ಗಡಚಿರೋಲಿ ಜಿಲ್ಲೆಯಲ್ಲಿ ನಡೆದ ಕೆಲಸವನ್ನು ನಮ್ಮ ಕನ್ನಡ ಮನೆಗಳು ತಿಳಿಯಬೇಕು. ನಾಗಪುರದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 1986ರಲ್ಲಿ ಅಲ್ಲಿ ‘ಸರ್ಚ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಸ್ಪತ್ರೆ ದೂರ, ದಾರಿ ಕಾಡು. ಹೀಗಿರುವಲ್ಲಿ 39 ಹಳ್ಳಿಗಳಲ್ಲಿ ಅಲ್ಪಸ್ವಲ್ಪ ಓದು ಬಲ್ಲ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಹುಟ್ಟಿದ ಮಗುವಿನ ಮನೆಗೆ ಮತ್ತೆ ಮತ್ತೆ ಕಳುಹಿಸಿದರು. ಅವರು ಮಗುವನ್ನು ತೂಗುವರು, ಮೈ ಬೆಚ್ಚಗಿದೆಯೆ ಎಂದು ನೋಡುವರು, ಉಸಿರು ಎಣಿಸುವರು. ಮೊದಲು ಚೆನ್ನಾಗಿ ಕುಡಿಯುತ್ತಿದ್ದುದು ಈಗ ನಿಲ್ಲಿಸಿದೆಯೆ, ಅಳು ಕುಗ್ಗಿದೆಯೆ, ಮಂಪರಿನಲ್ಲಿದೆಯೆ ಎಂದು ವಿಚಾರಿಸುವರು. ಸೋಂಕಿನ ಗುರುತು ಕಂಡರೆ ಔಷಧವನ್ನೂ ಕೊಡುವರು. ಕೆಲಸ ಪೂರ್ಣವಾಗಿ ನಡೆದ ಮೂರನೆಯ ವರ್ಷಕ್ಕೆ, ಅಂಥ ಏರ್ಪಾಡಿಲ್ಲದ ಹಳ್ಳಿಗಳಿಗೆ ಹೋಲಿಸಿದಲ್ಲಿ ನವಜಾತ ಶಿಶುಗಳ ಮರಣ ನೂರಕ್ಕೆ 62ರಷ್ಟು ತಗ್ಗಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ 2011ರಲ್ಲಿ ಭಾರತ ಸರಕಾರವು ಇದೇ ರೀತಿಯ ಏರ್ಪಾಡನ್ನು ದೇಶಕ್ಕೆಲ್ಲ ಹಬ್ಬಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಿ ನೋಡಬೇಕೆಂದು ಗೊತ್ತುಮಾಡಿದರು.

ಗಡಚಿರೋಲಿಯ ಕಾಡಿನ ಕೂಸಿಗೆ ದೊರೆತ ಆ ಒಂದು ಜೊತೆ ಕಣ್ಣು, ಲಕ್ಷ್ಮೀನಗರದಲ್ಲಿ ಫ್ರಿಜ್ಜು ಫ್ಯಾನುಗಳ ನಡುವೆ ಹುಟ್ಟಿದ ನಮ್ಮ ಕೂಸಿಗೆ ಇರಲಿಲ್ಲವೆಂಬುದು ನಮ್ಮ ವ್ಯಥೆ.

ಇದು ಹೇಗಾಯಿತೆಂದು ತಿಳಿದದ್ದು ತಡವಾಗಿ. ಮಗು ಮನೆಗೆ ಮರಳಿದ ಮೇಲೆ ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಬ್ಬಿಸಬ್ಯಾಡ್ರಿ ಅಂದೆ ಖರೆ, ಮಲೀ ಹಚ್ಚಬ್ಯಾಡ್ರಿ ಅಂದೆನೇನು?” ಎಂದರು. ಆಮೇಲೆ ವಿವರಿಸಿದರು. ಅವರ ಕಾಲದ ಬಾಣಂತಿ ಕೋಣೆಯಲ್ಲಿ ಅಜ್ಜಿಯೊಬ್ಬರು ಪಕ್ಕದಲ್ಲೇ ಮಲಗುತ್ತಿದ್ದರು. ರಾತ್ರಿ ಮೂರು ನಾಲ್ಕು ಸಲ ಎದ್ದು ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಬಟ್ಟೆ ಬದಲಿಸಿ, ಅರೆನಿದ್ದೆಯ ಕೂಸನ್ನು ಅರೆನಿದ್ದೆಯ ತಾಯಿಯ ಎದೆಗೆ ಹಚ್ಚುತ್ತಿದ್ದರು. ಕೂಸು ಕಣ್ಣು ಬಿಡದೆಯೇ ಕುಡಿಯುತ್ತಿತ್ತು. ಬಂದವರು ನೋಡಲೆಂದೋ ಎತ್ತಿ ಆಡಿಸಲೆಂದೋ ಮಲಗಿದ ಮಗುವನ್ನು ಕದಲಿಸಬಾರದು ಎಂಬುದಷ್ಟೇ ಆ ಮಾತಿನ ಅರ್ಥ. ಅಜ್ಜಿಯ ಮಾತು ನಮ್ಮೊಡನೆ ರೈಲು ಹತ್ತಿ ನಾಗಪುರಕ್ಕೆ ಬಂತು. ಅಜ್ಜಿ ಬರಲಿಲ್ಲ. ರಾತ್ರಿ ಎದ್ದು ಹೊಟ್ಟೆ ಮುಟ್ಟಿ ನೋಡುವ ಅವರ ಕೈಯಿಲ್ಲದೆ ಆ ಮಾತನ್ನು ಮಾತ್ರ ನಾವು ಪಾಲಿಸಿದೆವು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಈ ಒಂದು ವಿಷಯದಲ್ಲಿ ಮಾತ್ರವೇ ಹೀಗಾಗುತ್ತದೆಂದು ನಮಗೆ ತೋರುವುದಿಲ್ಲ. ಆದರೆ ಇಲ್ಲಿ ತಪ್ಪಿದರೆ ತೆರಬೇಕಾದ ಬೆಲೆ ದೊಡ್ಡದು.

ಹಾಗಾದರೆ ಮಾಡಬೇಕಾದುದೇನು? ವೈದ್ಯರು ನಮಗೆ ಹೇಳಿದ ಕ್ರಮ ಹೀಗೆ. ಮಗು ಹುಟ್ಟಿದ ತೂಕವನ್ನು ಮರಳಿ ಪಡೆದು, ಚೆನ್ನಾಗಿ ಬೆಳೆಯುತ್ತಿದೆಯೆಂದು ಖಚಿತವಾಗುವ ತನಕ ಹಗಲು ಎರಡು ಮೂರು ಗಂಟೆಗೊಮ್ಮೆ, ರಾತ್ರಿ ನಾಲ್ಕು ಗಂಟೆ ಮೀರದಂತೆ ಎಬ್ಬಿಸಿಯಾದರೂ ಹಾಲು ಕುಡಿಸಬೇಕು. ಗಂಟೆಯನ್ನು ಹಿಂದಿನ ಸಲ ಕುಡಿಯಲು ಆರಂಭಿಸಿದ ಹೊತ್ತಿನಿಂದ ಎಣಿಸಬೇಕು. ಎಣ್ಣೆ ಹಚ್ಚಿ ಎರೆದ ಮೇಲೆ ಬರುವ ದೀರ್ಘ ನಿದ್ದೆಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ತೂಕ ಮರಳಿತು, ಮಗು ತಾನಾಗಿ ಎದ್ದು ಕೇಳುತ್ತಿದೆ, ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದೆ ಎಂದಾದ ಮೇಲೆ, ವೈದ್ಯರನ್ನು ಕೇಳಿ, ಮಲಗಿದ ಮಗುವನ್ನು ಮಲಗಲು ಬಿಡಬಹುದು. ಆಗ ಅಜ್ಜಿಯ ಮಾತು ಮತ್ತೆ ಜಾರಿಗೆ ಬರುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಮಾತ್ರ ಎಲ್ಲಿಯ ತನಕ ಎಬ್ಬಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಎಬ್ಬಿಸುವುದಕ್ಕೂ ಒಂದು ರೀತಿಯುಂಟು. ತಣ್ಣೀರು ಚಿಮುಕಿಸಬೇಕಾಗಿಲ್ಲ, ಕೆನ್ನೆ ತಟ್ಟಬೇಕಾಗಿಲ್ಲ. ನವಜಾತ ಶಿಶುವಿನ ನಿದ್ದೆಯಲ್ಲಿ ಅರ್ಧಭಾಗ ಹಗುರವಾದದ್ದು. ಆಗ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಚಲಿಸುತ್ತದೆ, ತುಟಿ ಅಲುಗುತ್ತದೆ, ಬೆರಳು ಮಡಿಸುತ್ತದೆ. ಆ ಹೊತ್ತನ್ನು ಕಾದು ಹಿಡಿದರೆ ಕೆಲಸ ಸುಲಭ. ಸುತ್ತಿದ ಬಟ್ಟೆಯನ್ನು ಸಡಿಲಿಸಿ, ಒದ್ದೆ ಬದಲಿಸಿ, ಅಂಗಾಲನ್ನೂ ಬೆನ್ನನ್ನೂ ಮೆಲ್ಲಗೆ ಉಜ್ಜಿ, ತಾಯಿಯ ಮೈಗೆ ಮೈ ತಾಗುವಂತೆ ಎದೆಯ ಮೇಲಿಟ್ಟರೆ ಮಗು ತಾನೇ ಹುಡುಕತೊಡಗುತ್ತದೆ. ದೀಪ ಮಂದವಾಗಿರಲಿ. ಕುಡಿಯುತ್ತ ಕುಡಿಯುತ್ತ ಮತ್ತೆ ನಿದ್ದೆಹೋದರೆ ತೇಗಿಸಿ ಇನ್ನೊಂದು ಮಗ್ಗುಲಿಗೆ ಹಚ್ಚಬೇಕು. ಚೀಪುವ ಶಕ್ತಿ ಸಾಲದಿದ್ದಾಗ ವೈದ್ಯರು ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಲು ಹೇಳಿದರು. ಧಾರವಾಡದಿಂದ ಅಂಚೆಯಲ್ಲಿ ಬಂದ ಬೆಳ್ಳಿ ಒಳಲೆ ಅಲಂಕಾರಕ್ಕಲ್ಲವೆಂದು ಅಂದು ತಿಳಿಯಿತು. ಕುಡಿಸಿದ ಮೇಲೆ ಮಗುವನ್ನು ಬೆನ್ನಿನ ಮೇಲೆ ಅಂಗಾತವಾಗಿಯೇ ಮಲಗಿಸಬೇಕು.

ನಾಗಪುರದ ಬೇಸಿಗೆಯಲ್ಲಿ ಹಿರಿಯರಿಗೆ ಮಗುವಿನ ಗಂಟಲು ಒಣಗೀತೆಂಬ ಮರುಕ ಹುಟ್ಟುತ್ತದೆ. ಆದರೂ ಆರು ತಿಂಗಳು ತುಂಬುವ ತನಕ ನೀರು, ಸಕ್ಕರೆ ನೀರು ಒಂದೂ ಕೊಡಕೂಡದು, ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ಕೊಡಕೂಡದು. ಅದಕ್ಕೆ ಬೇಕಾದ ನೀರು ತಾಯಿಯ ಹಾಲಿನಲ್ಲೇ ಇದೆ. ಸೆಕೆ ಹೆಚ್ಚಾದರೆ ಹಾಲನ್ನೇ ಇನ್ನೂ ಹೆಚ್ಚು ಸಲ ಕುಡಿಸಬೇಕು, ನೀರನ್ನು ತಾಯಿ ಕುಡಿಯಬೇಕು. ರಾತ್ರಿ ಕುಡಿಸುವುದರಿಂದ ತಾಯಿಗೂ ಒಂದು ಲಾಭವುಂಟು. ಹಾಲನ್ನು ಉತ್ಪತ್ತಿಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯ ಹೊತ್ತಿನಲ್ಲೇ ಹೆಚ್ಚಾಗಿರುತ್ತದೆ. ಆ ಹೊತ್ತಿನಲ್ಲಿ ಮಗು ಕುಡಿದರೆ ಮುಂದಿನ ದಿನಗಳಿಗೆ ಹಾಲು ಚೆನ್ನಾಗಿ ಕೂಡುತ್ತದೆ.

ಎಬ್ಬಿಸಿದರೂ ಏಳದ ಮಗು, ಚೀಪುವುದನ್ನು ನಿಲ್ಲಿಸಿದ ಮಗು, ಮೈ ಸುಡುವ ಅಥವಾ ತಣ್ಣಗಾದ ಮಗು, ಅಂಗೈ ಅಂಗಾಲಿನ ತನಕ ಹಳದಿಯೇರಿದ ಮಗು, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುವ ಮಗು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕು. ಟೆಲಿಫೋನಿನಲ್ಲಿ ಧಾರವಾಡವನ್ನೋ ಮೈಸೂರನ್ನೋ ಕೇಳುವುದು ಆಮೇಲಾಗಲಿ.

ಕೊನೆಯದಾಗಿ ನಮ್ಮ ಗಂಡಸರಿಗೆ ಒಂದು ಬಿನ್ನಹ. ಹಾಲೂಡುವುದು ತಾಯಿಯ ಕೆಲಸ, ಎಬ್ಬಿಸುವುದು ಯಾರ ಕೆಲಸವೂ ಆಗಬಹುದು. ಹೆತ್ತು ದಣಿದವಳು ಗಡಿಯಾರವನ್ನೂ ಕಾಯಬೇಕೆಂದರೆ ಅನ್ಯಾಯ. ಆಸ್ಪತ್ರೆಯಿಂದ ಬಂದ ರಾತ್ರಿಯಿಂದ ಅಜ್ಜಿಯ ಆ ಕೆಲಸವನ್ನು ನಾವು ವಹಿಸಿಕೊಂಡೆವು. ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಗೆರೆ ಹಾಕಿ, ಒಂದು ಕಡೆ ಹಾಲು ಕುಡಿದ ಹೊತ್ತು, ಇನ್ನೊಂದು ಕಡೆ ಒದ್ದೆಯಾದ ಬಟ್ಟೆ, ಹೀಗೆ ಜಮಾ ಖರ್ಚು ಬರೆದೆವು. ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಅಲಾರಂ. ಬಟ್ಟೆ ಬದಲಿಸಿ, ಅಂಗಾಲು ಉಜ್ಜಿ, ತಾಯಿಯ ಕೈಗೆ ಕೊಡುವುದು, ತೇಗಿಸಿ ಮಲಗಿಸುವುದು. ಹುಟ್ಟಿದ ಹದಿನಾರನೆಯ ದಿನ ತೂಕ 2,460 ಗ್ರಾಂ ಬಂತು. ಹತ್ತು ಗ್ರಾಂ ಲಾಭ! ಬ್ಯಾಂಕಿನ ಯಾವ ಲೆಕ್ಕ ತಾಳೆಯಾದಾಗಲೂ ನಮಗೆ ಅಷ್ಟು ಸಂತೋಷವಾದದ್ದಿಲ್ಲ. ಮುಂದಿನ ವಾರವೂ ತೂಕ ಏರಿದ್ದನ್ನು ನೋಡಿ ವೈದ್ಯರು, “ಇನ್ನು ರಾತ್ರಿ ಎಬ್ಬಿಸಬೇಡಿ, ಅವಳೇ ನಿಮ್ಮನ್ನು ಎಬ್ಬಿಸುತ್ತಾಳೆ” ಎಂದರು. ಹಾಗೆಯೇ ಆಯಿತು. ಆ ರಾತ್ರಿ ಎರಡು ಗಂಟೆಗೆ ಅವಳು ಮನೆಯೇ ಹಾರಿಹೋಗುವಂತೆ ಅತ್ತಾಗ ನಾವಿಬ್ಬರೂ ಎದ್ದು ಕುಳಿತು ನಕ್ಕೆವು.

ನಮ್ಮ ಕನ್ನಡದಲ್ಲಿ ದೇವರನ್ನು ಎಬ್ಬಿಸುವ ಹಾಡುಗಳಿವೆ, ಕೂಸನ್ನು ಮಲಗಿಸುವ ಹಾಡುಗಳಂತೂ ಲೆಕ್ಕವಿಲ್ಲದಷ್ಟಿವೆ. ಕೂಸನ್ನು ಎಬ್ಬಿಸುವ ಹಾಡು ಮಾತ್ರ ನಮಗೆ ಗೊತ್ತಿಲ್ಲ. ಸಭೆಯಲ್ಲಿರುವ ತಾಯಂದಿರು ಯಾರಾದರೂ ಬಲ್ಲವರಿದ್ದರೆ ಹೇಳಿಕೊಡಬೇಕು. ಅಲ್ಲಿಯ ತನಕ, ಈ ನಗರದಲ್ಲಿ ಹಿರಿಯರಿಲ್ಲದ ಕನ್ನಡದ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಬಂದರೆ, ನಮ್ಮ ಸಂಘದ ಅನುಭವಸ್ಥ ತಾಯಂದಿರಲ್ಲಿ ಒಬ್ಬರು ಮೊದಲ ಹತ್ತು ದಿನದೊಳಗೆ ಎರಡು ಸಲ ಹೋಗಿ ನೋಡಿಬರುವ ಏರ್ಪಾಡನ್ನು ಕಾರ್ಯಕಾರಿ ಸಮಿತಿಯವರು ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ತೊಟ್ಟಿಲ ಶಾಸ್ತ್ರಕ್ಕೆ ಬೆಳ್ಳಿ ಬಟ್ಟಲು ಕೊಡುವುದು ಒಳ್ಳೆಯದೇ. ಅದಕ್ಕೆ ಮೊದಲು ಹೋಗಿ, “ರಾತ್ರಿ ಎಷ್ಟು ಸಲ ಹಾಲು ಕುಡಿಯಿತು?” ಎಂದು ಕನ್ನಡದಲ್ಲಿ ಕೇಳುವುದು ಇನ್ನೂ ಒಳ್ಳೆಯದು.